ಕಪ್ಪು ಕಂದಿದಾಗ

ಬಣ್ಣಗಳಲ್ಲೆಲ್ಲ ಕಪ್ಪೇ ಸುಲಭವೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಒಲೆಯ ಮೇಲಿಟ್ಟ ಪಾತ್ರೆ ಯಾರೂ ಹೇಳದೆಯೇ ಕಪ್ಪಾಗುತ್ತದೆ. ದೀಪದ ಕುಡಿಯ ಮೇಲೆ ತಟ್ಟೆಯೊಂದನ್ನು ಕವುಚಿ ಹಿಡಿದರೆ ಕಾಡಿಗೆ ಸಿದ್ಧವಾಗುತ್ತದೆ. ಬಿಳುಪನ್ನು ಕಾಪಾಡುವುದಕ್ಕೆ ಶ್ರಮ ಬೇಕು, ಕಪ್ಪಾಗುವುದಕ್ಕೆ ಏನೂ ಬೇಡ ಎಂಬುದು ನಮ್ಮ ಅಡುಗೆಮನೆಗಳ ಅನುಭವ. ಆದರೆ ಒರೆಸಿದರೆ ಅಳಿಯದ, ಬಿಸಿಲಿಗೆ ಮಾಸದ, ಕಾವಿಗೆ ಸುಲಿಯದ ಕಪ್ಪನ್ನು ಲೋಹದ ಮೈಮೇಲೆ ನೆಲೆಗೊಳಿಸುವುದು ಬೇರೆಯೇ ವಿದ್ಯೆ. ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ವಿದ್ಯುಲ್ಲೇಪನದ, ಎಂದರೆ ಎಲೆಕ್ಟ್ರೋಪ್ಲೇಟಿಂಗಿನ ತೊಟ್ಟಿಗಳ ಬಳಿ ನಿಂತವನು ನಾನು. ಕನ್ನಡಿಯಂತೆ ಹೊಳೆಯುವ ಲೇಪಗಳು ಕೊಟ್ಟ ಕಷ್ಟಕ್ಕಿಂತ ಕಪ್ಪು ಕ್ರೋಮ್ ಎಂಬ ಈ ಒಂದು ಲೇಪ ಕೊಟ್ಟ ಕಷ್ಟ ಹೆಚ್ಚು; ಅದು ಕಲಿಸಿದ ಪಾಠವೂ ಹೆಚ್ಚು. ಆ ಪಾಠವನ್ನು ನಮ್ಮ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಲೋಹವನ್ನು ಕಪ್ಪಾಗಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಬೀದರಿನ ಬಿದರಿ ಪಾತ್ರೆಗಳನ್ನು ನೋಡಿ ಬೆರಗಾಗದವರಾರು? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಬೆಚ್ಚಗಿನ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಈ ಕೆಲಸಕ್ಕೆ ಒದಗುವುದಿಲ್ಲ. ತಕ್ಕ ಮಣ್ಣು ಹೌದೋ ಅಲ್ಲವೋ ಎಂಬುದನ್ನು ಅಲ್ಲಿನ ಕುಶಲಕರ್ಮಿಗಳು ನಾಲಗೆಯ ಮೇಲಿಟ್ಟು, ರುಚಿ ನೋಡಿ ನಿರ್ಧರಿಸುತ್ತಾರೆ. ನಮ್ಮ ತೊಟ್ಟಿಯಲ್ಲಿರುವುದಾದರೋ ಘೋರ ವಿಷ. ಅದರ ಹನಿಯನ್ನೂ ನಾಲಗೆಗೆ ತಾಗಿಸುವಂತಿಲ್ಲ. ಆದುದರಿಂದ ನಮಗೆ ಕಣ್ಣೇ ನಾಲಗೆ. ಹೊರಬಂದ ವಸ್ತುವಿನ ಬಣ್ಣವನ್ನು ಕಂಡು ದ್ರಾವಣದ ಒಳಗುಟ್ಟನ್ನು ತಿಳಿಯಬೇಕು.

ಈ ಲೋಹಕ್ಕೂ ಬಣ್ಣಕ್ಕೂ ಹುಟ್ಟಿನಿಂದಲೇ ನಂಟು. 1797ರಲ್ಲಿ ಫ್ರಾನ್ಸಿನ ವಿಜ್ಞಾನಿ ವೋಕ್ಲಾಂ ಸೈಬೀರಿಯದ ಕೆಂಪು ಖನಿಜವೊಂದರಲ್ಲಿ ಹೊಸ ಧಾತುವೊಂದನ್ನು ಗುರುತಿಸಿದನು. ಅದರ ಲವಣಗಳು ಹಳದಿ, ಕಿತ್ತಳೆ, ಹಸಿರು ಎಂದು ಬಗೆಬಗೆಯ ವರ್ಣಗಳನ್ನು ತಾಳುತ್ತಿದ್ದುದರಿಂದ ಗ್ರೀಕ್ ಭಾಷೆಯಲ್ಲಿ ಬಣ್ಣವೆಂಬ ಅರ್ಥವುಳ್ಳ ‘ಕ್ರೋಮಾ’ ಎಂಬ ಪದದಿಂದ ಅದಕ್ಕೆ ಕ್ರೋಮಿಯಂ ಎಂಬ ಹೆಸರಾಯಿತು. ಮಾಣಿಕ್ಯದ ಕೆಂಪು ಈ ಧಾತುವಿನ ಲೇಶದಿಂದಲೇ ಬಂದುದು. ನಮ್ಮ ದೇಶದಲ್ಲಿ ಇದರ ಅದಿರಿನ ದೊಡ್ಡ ಭಂಡಾರ ಒಡಿಶಾದ ಸುಕಿಂದಾ ಕಣಿವೆಯಲ್ಲಿದೆ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತಣ ಶಿಲೆಗಳಲ್ಲಿಯೂ ದೊರೆತಿದೆ. ವಾಹನಗಳ ಬಂಪರು, ನೀರಿನ ನಲ್ಲಿ, ಸೈಕಲ್ಲಿನ ಹಿಡಿ ಇವುಗಳ ಮೇಲಿನ ನೀಲಿ ಛಾಯೆಯ ಹೊಳಪು ಈ ಕ್ರೋಮಿಯಮ್ಮಿನದು. ಅದೇ ಕ್ರೋಮಿಯಂ ದ್ರಾವಣದ ಹದ ಬದಲಾದರೆ ಕಪ್ಪಾಗಿಯೂ ಬಂದು ಕೂರುತ್ತದೆ.

ಕಪ್ಪು ಕ್ರೋಮ್ ಎಂದರೆ ಕಪ್ಪು ಬಣ್ಣ ಬಳಿದ ಕ್ರೋಮ್ ಅಲ್ಲ. ಅತಿ ಸೂಕ್ಷ್ಮವಾದ ಲೋಹದ ಕಣಗಳೂ ಅದೇ ಲೋಹದ ಆಕ್ಸೈಡೂ ಒಂದರಲ್ಲೊಂದು ಹುದುಗಿ ಆದ ತೆಳುವಾದ ಪದರ ಅದು. ಬಿದ್ದ ಬೆಳಕು ಆ ಕಣಗಳ ಸಂದುಗೊಂದಿಗಳಲ್ಲಿ ಸಿಕ್ಕಿಕೊಂಡು ಹಿಂತಿರುಗುವುದಿಲ್ಲ. ಆದುದರಿಂದ ಕಣ್ಣಿಗೆ ಕಪ್ಪಾಗಿ ತೋರುತ್ತದೆ. ಬೆಳಕು ಪ್ರತಿಫಲಿಸಬಾರದ ಕ್ಯಾಮೆರಾ, ಸೂಕ್ಷ್ಮದರ್ಶಕ ಮುಂತಾದ ಉಪಕರಣಗಳ ಭಾಗಗಳಿಗೆ ಇದನ್ನು ಬಳಸುತ್ತಾರೆ. ಆದರೆ ನಮ್ಮ ಕುಟುಂಬಗಳಿಗೆ ಇದು ಹತ್ತಿರವಾದುದು ಮನೆಯ ಮಾಳಿಗೆಯ ಮೇಲೆ. ಗಾಜಿನ ಪೆಟ್ಟಿಗೆಯೊಳಗೆ ತಾಮ್ರದ ಹಾಳೆಗಳನ್ನು ಇಟ್ಟ ಸೌರ ನೀರೊಲೆಯನ್ನು ನೀವು ಕಂಡಿರುತ್ತೀರಿ. ಅಂತಹ ಹಾಳೆಗಳ ಮೇಲೆ ಮೊದಲು ನಿಕ್ಕಲನ್ನು, ಅದರ ಮೇಲೆ ಕಪ್ಪು ಕ್ರೋಮನ್ನು ಲೇಪಿಸುವುದು ನಮ್ಮ ಕೆಲಸವಾಗಿತ್ತು.

ಬರಿಯ ಕಪ್ಪು ಬಣ್ಣವನ್ನು ಬಳಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕಪ್ಪು ಬಣ್ಣ ಬಳಿದ ತಗಡು ಬಿಸಿಲಿನ ನೂರರಲ್ಲಿ ತೊಂಬತ್ತೈದು ಪಾಲನ್ನು ಹೀರಬಲ್ಲುದು, ನಿಜ. ಆದರೆ ತಾನು ಬಿಸಿಯಾದೊಡನೆ ಆ ಕಾವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಅಷ್ಟೇ ಧಾರಾಳವಾಗಿ ಹೊರಕ್ಕೆ ಸೂಸಿಬಿಡುತ್ತದೆ. ಒಂದು ಕೈಯಲ್ಲಿ ಗಳಿಸಿ ಇನ್ನೊಂದು ಕೈಯಲ್ಲಿ ಚೆಲ್ಲುವ ಸಂಸಾರದಂತೆ. ನಿಕ್ಕಲಿನ ಮೇಲಿನ ತೆಳುವಾದ ಕಪ್ಪು ಕ್ರೋಮ್ ಬಿಸಿಲನ್ನು ಅಷ್ಟೇ ಹೀರಿಕೊಂಡು, ಕಾವನ್ನು ಸೂಸುವುದು ಮಾತ್ರ ಸುಮಾರು ಹತ್ತನೆಯ ಒಂದು ಪಾಲಿನಷ್ಟು. ಹೀಗೆ ಹೀರುವುದು ಹೆಚ್ಚು, ಚೆಲ್ಲುವುದು ಕಡಿಮೆ ಇರುವ ಮೇಲ್ಮೈಗಳ ತತ್ತ್ವವನ್ನು ಇಸ್ರೇಲಿನ ಹ್ಯಾರಿ ಟೇಬರ್ 1955ರಲ್ಲಿ ಮಂಡಿಸಿದರು. ಕಪ್ಪು ಕ್ರೋಮಿಗೆ ಈ ಗುಣವಿದೆಯೆಂಬುದನ್ನು ಅಮೆರಿಕದ ನಾಸಾ ಸಂಸ್ಥೆಯ ಮೆಕ್‌ಡೊನಾಲ್ಡ್ 1974ರಲ್ಲಿ ತೋರಿಸಿದರು. ಎರಡು ಕಪ್ಪುಗಳು ನೋಟಕ್ಕೆ ಒಂದೇ, ನಡತೆಯಲ್ಲಿ ಬೇರೆ ಬೇರೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಹೇಳಲಿರುವ ಸಂಗತಿಗೆ ಅದು ಬೇಕಾಗುತ್ತದೆ.

ಇನ್ನು ತೊಟ್ಟಿಯ ವಿಚಾರ. ಹೊಳಪಿನ ಕ್ರೋಮಿನ ದ್ರಾವಣಕ್ಕೆ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲವೂ ಅದರ ನೂರನೆಯ ಒಂದು ಪಾಲು, ಎಂದರೆ 2.5 ಗ್ರಾಂ ಗಂಧಕಾಮ್ಲವೂ ಬೇಕು. ಆ ಚಿಟಿಕೆ ಗಂಧಕಾಮ್ಲ ಇಲ್ಲದಿದ್ದರೆ ಹೊಳೆಯುವ ಲೋಹವೇ ಕೂರುವುದಿಲ್ಲ. ಕಪ್ಪು ಕ್ರೋಮಿನ ತೊಟ್ಟಿಯಲ್ಲಿಯೂ ಇರುವುದು ಅದೇ ಕ್ರೋಮಿಕ್ ಆಮ್ಲ, ತುಸು ಗಾಢವಾಗಿ. ಆದರೆ ಗಂಧಕಾಮ್ಲಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಅದರ ಸ್ಥಾನದಲ್ಲಿ ಫ್ಲೂಸಿಲಿಸಿಕ್ ಆಮ್ಲವೋ ಅಸಿಟಿಕ್ ಆಮ್ಲವೋ ನೈಟ್ರೇಟೋ ಇರುತ್ತದೆ. ಲೀಟರಿಗೆ ಅರ್ಧ ಗ್ರಾಮಿನಷ್ಟು ಸಲ್ಫೇಟು, ಎಂದರೆ ಗಂಧಕಾಮ್ಲದ ಅಂಶ, ಹೊಕ್ಕರೂ ಕಪ್ಪು ಕೆಡುತ್ತದೆ. ಪಕ್ಕದ ತೊಟ್ಟಿಯಲ್ಲಿ ಅಮೃತವಾದುದು ಈ ತೊಟ್ಟಿಯಲ್ಲಿ ವಿಷ! ವಸ್ತುವಿನ ಗುಣದೋಷವನ್ನು ಅದಿರುವ ಸ್ಥಾನದಿಂದ ಅಳೆಯಬೇಕೆಂಬುದನ್ನು ನಾನು ಗ್ರಂಥಗಳಿಗಿಂತ ಮೊದಲು ಈ ಎರಡು ತೊಟ್ಟಿಗಳ ನಡುವೆ ನಿಂತು ಕಲಿತೆ. ಉಷ್ಣತೆಯಲ್ಲಿಯೂ ಇವೆರಡೂ ವಿರುದ್ಧ. ಹೊಳಪಿನ ಕ್ರೋಮಿಗೆ 40 ಡಿಗ್ರಿಗೂ ಮೇಲ್ಪಟ್ಟ ಬಿಸಿ ಬೇಕು. ಕಪ್ಪಿಗೆ 25 ಡಿಗ್ರಿಯ ಆಸುಪಾಸಿನ ತಂಪು ಬೇಕು. ವಿದ್ಯುತ್ತಾದರೋ ಅಂಗೈ ಅಗಲದ ಜಾಗಕ್ಕೆ ಇಪ್ಪತ್ತು ಆಂಪಿಯರಿಗೂ ಹೆಚ್ಚು ಹರಿಯಬೇಕು. ಅಷ್ಟು ವಿದ್ಯುತ್ತು ಹರಿದಾಗ ದ್ರಾವಣ ತಾನಾಗಿಯೇ ಕಾಯುತ್ತದೆ. ಕಾಯುವುದನ್ನು ತಂಪಾಗಿಡುವುದೇ ಈ ಕೆಲಸದ ಅರ್ಧ ಪಾಲು.

ಬಣ್ಣ ಕೆಟ್ಟಾಗ ಅದು ಒಂದೇ ರೀತಿಯಲ್ಲಿ ಕೆಡುವುದಿಲ್ಲ. ಪ್ರತಿಯೊಂದು ಕೇಡಿಗೂ ಅದರದೇ ಭಾಷೆಯುಂಟು. ಹಾಳೆಯ ಮೂಲೆಗಳಲ್ಲಿ, ಮಡಿಕೆಗಳಲ್ಲಿ ನವಿಲುಗರಿಯಂತೆ ನೀಲಿ ನೇರಳೆ ಮಿಂಚಿದರೆ ಪದರ ಅಲ್ಲಿ ಅತಿ ತೆಳುವಾಗಿದೆ, ವಿದ್ಯುತ್ತು ಅಲ್ಲಿಗೆ ಸಾಕಷ್ಟು ತಲುಪಿಲ್ಲ ಎಂದು ಅರ್ಥ. ಅಂಚುಗಳಲ್ಲಿ ಮಸಿಯಂತೆ ಪುಡಿಪುಡಿಯಾಗಿ, ಬೆರಳಿಗೆ ಹತ್ತಿಕೊಂಡರೆ ಅಲ್ಲಿ ವಿದ್ಯುತ್ತು ಅತಿಯಾಯಿತು. ಹಾಳೆಯೆಲ್ಲ ಬೂದಿಬಣ್ಣಕ್ಕೆ ತಿರುಗಿದರೆ ಮೊದಲು ಥರ್ಮಾಮೀಟರನ್ನು ನೋಡತಕ್ಕದ್ದು. ದ್ರಾವಣ ಕಾದಿರುವುದು ಬಹುಮಟ್ಟಿಗೆ ನಿಶ್ಚಯ. ಕಂದು ಬಣ್ಣ ಬಂದರೆ ಸಲ್ಫೇಟಿನ ಮೇಲೆ ಸಂಶಯ ಪಡಬೇಕು. ಒಂದು ಹಾಳೆ ಚೆನ್ನಾಗಿದ್ದು ಪಕ್ಕದ ಹಾಳೆ ಮಾತ್ರ ಕೆಟ್ಟರೆ ತೊಟ್ಟಿಯದು ತಪ್ಪಲ್ಲ, ತೂಗುಹಾಕಿದ ಕೊಕ್ಕೆಯ ಸಂಪರ್ಕ ಸಡಿಲವಾಗಿದೆ. ಸೀಸದ ಧನಧ್ರುವಗಳ ಮೇಲೆ ಹಳದಿಯ ಹೆಕ್ಕಳಿಕೆ ಕಟ್ಟಿದ್ದರೆ ಆ ಕಡೆಯಿಂದ ವಿದ್ಯುತ್ತು ಬಾರದೆ ಹಾಳೆಯ ಒಂದು ಮಗ್ಗುಲು ಪೇಲವವಾಗುತ್ತದೆ. ಒಣಗಿದ ಮೇಲೆ ಹಳದಿ ಕಲೆಗಳು ಮೂಡಿದರೆ ತೊಳೆದದ್ದು ಸಾಲದೆಂದು ಅರ್ಥ. ಇವನ್ನೆಲ್ಲ ಹೇಳುವುದು ಸುಲಭ. ಆದರೆ ಎರಡು ಮೂರು ಕೇಡುಗಳು ಒಟ್ಟಿಗೆ ಸೇರಿ ಬಂದಾಗ ಅನುಭವಿಗೂ ದಿಕ್ಕು ತೋಚುವುದಿಲ್ಲ.

ಅಂತಹ ಒಂದು ಪ್ರಸಂಗ 1996ರ ಬೇಸಿಗೆಯಲ್ಲಿ ನಡೆಯಿತು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯವರು ತಾವು ಲೇಪಿಸಿ ಕಳುಹಿಸಿದ ಇನ್ನೂರು ತಾಮ್ರದ ಹಾಳೆಗಳು ತಿರಸ್ಕೃತವಾಗಿ ಹಿಂದಿರುಗಿವೆಯೆಂದು ನನ್ನನ್ನು ಕರೆಸಿದರು. ಆಗ ನಾನು ಹಲವು ಕಾರ್ಖಾನೆಗಳಿಗೆ ಹೋಗಿ ದ್ರಾವಣಗಳನ್ನು ಪರೀಕ್ಷಿಸಿಕೊಡುತ್ತಿದ್ದೆ. ಹೋಗಿ ನೋಡಿದರೆ ಹಾಳೆಗಳ ಮೇಲೆ ಕಪ್ಪೆಂಬುದು ಹೆಸರಿಗೆ ಮಾತ್ರ. ಕೆಲವು ಹುರಿದ ಕಾಫಿ ಬೀಜದ ಬಣ್ಣ, ಕೆಲವು ಬೂದಿ ಬೆರೆಸಿದಂತೆ. ಮಾಲೀಕರು ಕಾರಣವನ್ನು ಆಗಲೇ ನಿಶ್ಚಯಿಸಿಕೊಂಡಿದ್ದರು. ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದ, ಹಾವೇರಿಯ ಕಡೆಯಿಂದ ಬಂದ ಯುವಕನೊಬ್ಬನ ಅಲಕ್ಷ್ಯವೇ ಕಾರಣವೆಂದು ಹೇಳಿ ಅವನ ಎರಡು ವಾರಗಳ ಸಂಬಳವನ್ನು ತಡೆಹಿಡಿದಿದ್ದರು. ತಿಂಗಳ ಕೊನೆಗೆ ಅವನನ್ನು ಬಿಡಿಸುವುದೆಂದೂ ತೀರ್ಮಾನವಾಗಿತ್ತು. ಊರಿನಲ್ಲಿ ಅವನ ತಂದೆ ಕಾಯಿಲೆಯಲ್ಲಿದ್ದರು. ಇಬ್ಬರು ತಂಗಿಯರ ವಿದ್ಯಾಭ್ಯಾಸ ಅವನ ಹಣದಿಂದಲೇ ನಡೆಯುತ್ತಿತ್ತು. ಅವನು ತನ್ನ ಪರವಾಗಿ ಏನೊಂದನ್ನೂ ವಾದಿಸದೆ ಮೂಲೆಯಲ್ಲಿ ನಿಂತಿದ್ದನು.

“ಹುಡುಗನ ವಿಚಾರ ಆಮೇಲೆ; ಮೊದಲು ತೊಟ್ಟಿಯನ್ನು ಕೇಳೋಣ” ಎಂದು ನಾನು ಹೇಳಿದೆ. ಥರ್ಮಾಮೀಟರು 34 ಡಿಗ್ರಿಯನ್ನು ತೋರಿಸಿತು. ಬೇಸಿಗೆಯ ಧಗೆಯಲ್ಲಿ ತಂಪುನೀರಿನ ಸುರುಳಿಕೊಳವೆ ತನ್ನ ಕೆಲಸವನ್ನು ಮಾಡುತ್ತಿರಲಿಲ್ಲ. ಮಂಜುಗಡ್ಡೆಯ ನೀರನ್ನು ಹರಿಸಿ ದ್ರಾವಣವನ್ನು 24 ಡಿಗ್ರಿಗೆ ಇಳಿಸಿ ಒಂದು ಹಾಳೆಯನ್ನು ಲೇಪಿಸಿ ನೋಡಿದೆವು. ಬೂದಿಬಣ್ಣ ಹೋಯಿತು, ಕಂದು ಉಳಿಯಿತು. ಮಾಲೀಕರು ಆತುರಪಟ್ಟು, ಆಮ್ಲವನ್ನೂ ಹೆಚ್ಚಿಸೋಣ, ವಿದ್ಯುತ್ತನ್ನೂ ಏರಿಸೋಣ, ಎಲ್ಲವನ್ನೂ ಒಮ್ಮೆಲೇ ಮಾಡಿಬಿಡೋಣ ಎಂದರು. ಹಾಗೆ ಮಾಡಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ರೋಗ ಮರುಕಳಿಸಿದಾಗ ಮತ್ತೆ ಕತ್ತಲೆಯಲ್ಲೇ ತಡಕಾಡಬೇಕಾಗುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಫಲವನ್ನು ನೋಡಬೇಕು, ಬರೆದಿಡಬೇಕು. ಈ ನಿಯಮವನ್ನು ನಾನು ಯಾರಿಗಾಗಿಯೂ ಬಿಟ್ಟುಕೊಟ್ಟವನಲ್ಲ.

ಇಂತಹ ಸಂದರ್ಭದಲ್ಲಿ ನಮ್ಮ ಕಸುಬಿನವರಿಗೆ ನೆರವಾಗುವುದು ಹಲ್ ಸೆಲ್ ಎಂಬ ಒಂದು ಪುಟ್ಟ ಪೆಟ್ಟಿಗೆ. 1930ರ ದಶಕದಲ್ಲಿ ಅಮೆರಿಕದ ರಿಚರ್ಡ್ ಹಲ್ ಎಂಬವರು ರೂಪಿಸಿದ ಇದು 267 ಮಿಲಿಲೀಟರ್ ದ್ರಾವಣವನ್ನು ಹಿಡಿಯುತ್ತದೆ. ಪರೀಕ್ಷೆಯ ತಗಡನ್ನು ಅದರಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಆದುದರಿಂದ ತಗಡಿನ ಒಂದು ತುದಿಗೆ ಹೆಚ್ಚು ವಿದ್ಯುತ್ತು, ಮತ್ತೊಂದು ತುದಿಗೆ ಕಡಿಮೆ ವಿದ್ಯುತ್ತು ಬೀಳುತ್ತದೆ. ದೊಡ್ಡ ತೊಟ್ಟಿಯಲ್ಲಿ ನಡೆಯಬಹುದಾದುದೆಲ್ಲವೂ ಆ ಒಂದು ಅಂಗೈಯಗಲದ ತಗಡಿನಲ್ಲಿ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಬೀದರಿನ ಕುಶಲಕರ್ಮಿಗೆ ನಾಲಗೆ ಹೇಗೋ ನಮಗೆ ಈ ಪೆಟ್ಟಿಗೆ ಹಾಗೆ. ತೊಟ್ಟಿಯ ದ್ರಾವಣವನ್ನು ಅದರಲ್ಲಿ ತುಂಬಿ, ತಣ್ಣೀರಿನಲ್ಲಿಟ್ಟು ಪರೀಕ್ಷಿಸಿದಾಗ ತಗಡು ತುದಿಯಿಂದ ತುದಿಗೆ ಕಂದಾಗಿಯೇ ಬಂದಿತು. ಬಳಿಕ ಬೇರೊಂದು ಪಾತ್ರೆಯಲ್ಲಿ ಅಷ್ಟೇ ದ್ರಾವಣಕ್ಕೆ 0.4 ಗ್ರಾಂ ಬೇರಿಯಂ ಕಾರ್ಬೊನೇಟನ್ನು ಬೆರೆಸಿ, ನೊರೆ ಅಡಗುವವರೆಗೆ ಚೆನ್ನಾಗಿ ಕಲಕಿ, ಕೆಸರು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದು ಪೆಟ್ಟಿಗೆಗೆ ತುಂಬಿದೆವು. ಬೇರಿಯಮ್ಮಿನ ಗುಣವೆಂದರೆ ಸಲ್ಫೇಟು ಎಲ್ಲಿದ್ದರೂ ಅದನ್ನು ಹಿಡಿದು, ಕರಗದ ಬಿಳಿಯ ಪುಡಿಯಾಗಿಸಿ ತಳಕ್ಕೆ ಕೂರಿಸುವುದು. ಈ ಬಾರಿ ತಗಡು ಹೊರಬಂದಾಗ ಅದರ ಬಹುಭಾಗ ಗಾಢ ಕಪ್ಪು! ಮೂಲೆಯಲ್ಲಿದ್ದ ಯುವಕನು ಆಗ ಮೊದಲ ಬಾರಿಗೆ ತಲೆಯೆತ್ತಿ ನೋಡಿದನು.

ರೋಗ ತಿಳಿಯಿತು. ಮದ್ದಿನ ಪ್ರಮಾಣವೂ ತಿಳಿಯಿತು: 267 ಮಿಲಿಲೀಟರಿಗೆ 0.4 ಗ್ರಾಂ ಎಂದರೆ ಲೀಟರಿಗೆ 1.5 ಗ್ರಾಂ, 800 ಲೀಟರಿನ ಆ ತೊಟ್ಟಿಗೆ 1.2 ಕಿಲೋಗ್ರಾಂ. ಆದರೆ ರೋಗ ಬಂದುದೆಲ್ಲಿಂದ? ಅದನ್ನು ತಿಳಿಯದೆ ಮದ್ದು ಕೊಟ್ಟರೆ ಒಂದು ತಿಂಗಳ ನೆಮ್ಮದಿ ಮಾತ್ರ. ಬೇರಿಯಂ ಹಾಕಿದ ಲೆಕ್ಕದಿಂದ ಲೀಟರಿಗೆ ಮುಕ್ಕಾಲು ಗ್ರಾಮಿನಷ್ಟು ಗಂಧಕಾಮ್ಲ ತೊಟ್ಟಿಯೊಳಗೆ ಸೇರಿತ್ತೆಂದು ತೋರಿತು. ಅಷ್ಟೊಂದು ಗಂಧಕಾಮ್ಲ ಕೈಜಾರಿ ಒಮ್ಮೆಗೆ ಬೀಳುವಂತಹುದಲ್ಲ, ದಿನದಿನವೂ ಸೋರಿ ಬಂದಿರಬೇಕು.

ಆಗ ನೆರವಿಗೆ ಬಂದುದು ಆ ಯುವಕನದೇ ಒಂದು ನೋಟುಪುಸ್ತಕ. ತೊಟ್ಟಿಯ ಉಷ್ಣತೆಯನ್ನು ಬರೆದಿಟ್ಟವರುಂಟೇ ಎಂದು ನಾನು ಕೇಳಿದಾಗ ಅವನು ಗೋಡೆಯ ಗೂಡಿನಿಂದ ಅದನ್ನು ತಂದುಕೊಟ್ಟನು. ನೂರು ಪುಟಗಳ ಶಾಲೆಯ ಪುಸ್ತಕ. ಆಮ್ಲದ ಕಲೆಗಳಿಂದ ಅದರ ಅಂಚುಗಳು ತಿಂದುಹೋಗಿದ್ದವು. ಒಳಗೆ ದುಂಡಾದ ಕನ್ನಡ ಅಕ್ಷರಗಳಲ್ಲಿ ಪ್ರತಿದಿನದ ಉಷ್ಣತೆ, ವಿದ್ಯುತ್ತು, ಲೇಪಿಸಿದ ಹಾಳೆಗಳ ಸಂಖ್ಯೆ, ಬೆರೆಸಿದ ನೀರು ಎಲ್ಲವೂ ಇದ್ದವು. ಮಾರ್ಚಿ ತಿಂಗಳ ಕೊನೆಯ ಒಂದು ಪುಟದಲ್ಲಿ, ನೀರಿನ ಕೊರತೆಯ ಕಾರಣ ಆಮ್ಲದ ನಂತರದ ತೊಳೆಯುವ ತೊಟ್ಟಿಗೆ ಹರಿಯುವ ನೀರನ್ನು ಆಜ್ಞೆಯಂತೆ ನಿಲ್ಲಿಸಲಾಗಿದೆ ಎಂದಿತ್ತು. ಏಪ್ರಿಲ್ ಎರಡನೆಯ ವಾರದ ಪುಟದಲ್ಲಿ, ಬಣ್ಣ ತುಸು ಕಂದುತ್ತಿದೆ, ತಿಳಿಸಿದೆ ಎಂದಿತ್ತು.

ಇಲ್ಲಿ ಓದುಗರಿಗೆ ಒಂದು ಮಾತು ವಿವರಿಸಬೇಕು. ನಿಕ್ಕಲ್ ಲೇಪಿಸಿದ ಹಾಳೆಯನ್ನು ಕಪ್ಪು ಕ್ರೋಮಿಗೆ ಇಳಿಸುವ ಮೊದಲು ಅದರ ಮೈಯನ್ನು ಎಚ್ಚರಿಸಲು ಸೌಮ್ಯ ಗಂಧಕಾಮ್ಲದಲ್ಲಿ ಅದ್ದಿ ತೆಗೆಯುತ್ತಿದ್ದರು. ಬಳಿಕ ಹರಿಯುವ ನೀರಿನಲ್ಲಿ ತೊಳೆಯುವುದು ಕ್ರಮ. ಆ ಬೇಸಿಗೆಯಲ್ಲಿ ನೀರನ್ನು ಟ್ಯಾಂಕರಿನಿಂದ ಕೊಳ್ಳಬೇಕಾಗಿ ಬಂದುದರಿಂದ ಹರಿವನ್ನು ನಿಲ್ಲಿಸಿ, ನಿಂತ ನೀರಿನಲ್ಲೇ ತೊಳೆಯುವಂತೆ ಕಾರ್ಖಾನೆಯವರೇ ಹೇಳಿದ್ದರು. ದಿನಗಳೆದಂತೆ ಆ ನೀರೇ ಆಮ್ಲವಾಯಿತು. ನಾನು ಲಿಟ್ಮಸ್ ಕಾಗದದ ತುಂಡನ್ನು ಅದರಲ್ಲಿ ಅದ್ದಿದೊಡನೆ ಅದು ದಾಸವಾಳದಂತೆ ಕೆಂಪಾಯಿತು. ತೊಳೆದವೆಂದು ತಿಳಿದ ಪ್ರತಿಯೊಂದು ಹಾಳೆಯೂ ತನ್ನ ಮೈಯ ತೇವದೊಡನೆ ಒಂದಿಷ್ಟು ಗಂಧಕಾಮ್ಲವನ್ನು ಹೊತ್ತು ಕಪ್ಪಿನ ತೊಟ್ಟಿಗೆ ಇಳಿಯುತ್ತಿತ್ತು. ಹನಿಗೂಡಿ ಹಳ್ಳವಾಯಿತು.

ಅಷ್ಟೇ ಅಲ್ಲದೆ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ದೊರೆಯಿತು. ಬಣ್ಣ ಕಂದತೊಡಗಿದಾಗ ಅದನ್ನು ಮರೆಸಲು ಲೇಪಿಸುವ ಕಾಲವನ್ನು ಎರಡೂವರೆ ನಿಮಿಷದಿಂದ ಆರು ನಿಮಿಷಕ್ಕೆ ಏರಿಸುವಂತೆ ಮೇಲಿನಿಂದ ಸೂಚನೆ ಬಂದಿತ್ತು. ಹಾಗೆ ಮಾಡಿದಾಗ ಕೆಲವು ಹಾಳೆಗಳು ಕಣ್ಣಿಗೆ ಸಾಕಷ್ಟು ಕಪ್ಪಾಗಿ ಕಂಡದ್ದೂ ಉಂಟು. ಆದರೆ ಎರಡು ಕಪ್ಪುಗಳ ವಿಚಾರವನ್ನು ಮೇಲೆ ಹೇಳಿದ್ದೇನಷ್ಟೆ. ಪದರ ದಪ್ಪವಾದಷ್ಟೂ ಅದು ಕೆಳಗಿನ ನಿಕ್ಕಲನ್ನು ಮರೆಮಾಡಿ ತಾನೇ ಕಾವನ್ನು ಸೂಸತೊಡಗುತ್ತದೆ; ನೋಟಕ್ಕೆ ಕಪ್ಪು, ನಡತೆಯಲ್ಲಿ ಬರಿಯ ಬಣ್ಣ ಬಳಿದ ತಗಡಿನ ಸಮೀಪ. ಅಂತಹ ಹಾಳೆ ಯಾವುದೋ ಮನೆಯ ಮಾಳಿಗೆಯನ್ನು ಏರಿದರೆ ಅಲ್ಲಿನ ಗೃಹಿಣಿ ಚಳಿಗಾಲದ ಬೆಳಿಗ್ಗೆ ನಲ್ಲಿಯನ್ನು ತಿರುಗಿಸಿ ಉಗುರುಬೆಚ್ಚಗಿನ ನೀರನ್ನು ಕಂಡು, ಈ ವರ್ಷ ಬಿಸಿಲೇ ಸಾಲದು ಎಂದುಕೊಳ್ಳುತ್ತಾಳೆ. ಅವಳಿಗೆ ಆದ ಮೋಸವನ್ನು ಅವಳು ಎಂದೂ ತಿಳಿಯಲಾರಳು. ಕಣ್ಣಿಗೆ ಕಾಣುವ ಕೇಡಿಗಿಂತ ಕಣ್ಣನ್ನು ತೃಪ್ತಿಪಡಿಸುವ ಕೇಡು ದೊಡ್ಡದು. ಹಾಳೆಗಳನ್ನು ತಿರಸ್ಕರಿಸಿ ಕಳುಹಿಸಿದ ಗ್ರಾಹಕರು ಉಪಕಾರವನ್ನೇ ಮಾಡಿದ್ದರು.

ಮುಂದಿನ ಕೆಲಸ ಎರಡು ದಿನಗಳದು. ಬೇರಿಯಂ ಕಾರ್ಬೊನೇಟು ವಿಷವಾದುದರಿಂದ ಮೂಗು ಬಾಯಿಗಳಿಗೆ ಮುಸುಕು ಕಟ್ಟಿ, ಅದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಕಲಕಿ, ರಾತ್ರಿಯೆಲ್ಲ ತಿಳಿಯಾಗಲು ಬಿಟ್ಟು, ಮೇಲಿನ ದ್ರಾವಣವನ್ನು ಬಸಿದು ತಳದ ಕೆಸರನ್ನು ಬೇರ್ಪಡಿಸಿದೆವು. ಗಂಧಕಾಮ್ಲದ ಅದ್ದುವಿಕೆಯ ಬದಲಿಗೆ ಸೌಮ್ಯ ಕ್ರೋಮಿಕ್ ಆಮ್ಲದ ಅದ್ದುವಿಕೆಯನ್ನು ಇಟ್ಟೆವು. ಅದರ ತೇವ ಒಳಸೇರಿದರೂ ತೊಟ್ಟಿಗೆ ಪರಕೀಯವಲ್ಲ. ಒಂದು ತೊಳೆಯುವ ತೊಟ್ಟಿಯ ಸ್ಥಾನದಲ್ಲಿ ಎರಡನ್ನಿಟ್ಟು, ಎರಡನೆಯದರ ನೀರು ಮೊದಲನೆಯದಕ್ಕೆ ಹರಿಯುವಂತೆ ಮಾಡಿದುದರಿಂದ ಕಡಿಮೆ ನೀರಿನಲ್ಲಿಯೇ ಚೆನ್ನಾಗಿ ತೊಳೆಯಲು ಸಾಧ್ಯವಾಯಿತು. ಹಿಂದಿರುಗಿದ ಹಾಳೆಗಳನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿಟ್ಟು ವಿದ್ಯುತ್ತನ್ನು ವಿರುದ್ಧ ದಿಕ್ಕಿನಲ್ಲಿ ಹರಿಸಿ, ಹಳೆಯ ಕಪ್ಪನ್ನು ಕಳಚಿ ಪುನಃ ಲೇಪಿಸಿದರು. ಅವು ಈ ಬಾರಿ ಹಿಂದಿರುಗಲಿಲ್ಲ. ಮಾಲೀಕರು ಸ್ವಭಾವತಃ ಕೆಟ್ಟವರಲ್ಲ. ಸಾಲದ ಬಡ್ಡಿ, ನೀರಿನ ಖರ್ಚು, ಹಿಂದಿರುಗಿದ ಸರಕು ಇವುಗಳ ನಡುವೆ ಸಿಕ್ಕಿದ್ದವರು. ಯುವಕನ ಸಂಬಳವನ್ನು ಎಣಿಸಿ ಅವನ ಕೈಗಿತ್ತರು. ಮಾತಿನಲ್ಲಿ ಏನೂ ಹೇಳಲಿಲ್ಲ. ಆದರೆ ಮರುವಾರ ಪ್ರತಿಯೊಂದು ತೊಟ್ಟಿಯ ಪಕ್ಕದಲ್ಲಿಯೂ ದಾರ ಕಟ್ಟಿದ ಪೆನ್ಸಿಲಿನೊಡನೆ ಹೊಸದೊಂದು ದಪ್ಪ ರಟ್ಟಿನ ಪುಸ್ತಕ ತೂಗುತ್ತಿತ್ತು.

ಬಣ್ಣದ ಮಾತು ಬಂದಾಗ ಇನ್ನೊಂದು ಬಣ್ಣವನ್ನು ಕುರಿತು ಹೇಳದಿದ್ದರೆ ಅರ್ಧ ಸತ್ಯವಾದೀತು. ತೊಟ್ಟಿಯಿಂದ ಹೊರಬರುವ ತೊಳೆದ ನೀರಿನ ಹಳದಿ ಅದು. ಆರು ವೇಲೆನ್ಸಿಯ ಈ ಕ್ರೋಮಿಯಂ ಚರ್ಮದಲ್ಲಿ ವಾಸಿಯಾಗದ ಹುಣ್ಣುಗಳನ್ನೂ ಮೂಗಿನ ಒಳಗೋಡೆಯಲ್ಲಿ ರಂಧ್ರವನ್ನೂ ಮಾಡುತ್ತದೆ. ಇದರ ಹಬೆಯನ್ನು ಬಹುಕಾಲ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಲ್ಲುದೆಂಬುದು ಸಿದ್ಧವಾದ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಹಲವೆಡೆ ಇದಕ್ಕಿಂತ ಹೆಚ್ಚಿನ ಕ್ರೋಮಿಯಂ ಇರುವುದನ್ನು ಪರೀಕ್ಷೆಗಳು ತೋರಿಸಿವೆ. ಪರಿಹಾರ ಕಷ್ಟದ್ದಲ್ಲ. ಆ ನೀರನ್ನು ಆಮ್ಲೀಯವಾಗಿಸಿ ಸೋಡಿಯಂ ಬೈಸಲ್ಫೈಟನ್ನು ಬೆರೆಸಿದರೆ ಹಳದಿ ಹೋಗಿ ಹಸಿರಾಗುತ್ತದೆ, ಎಂದರೆ ವಿಷದ ತೀಕ್ಷ್ಣತೆ ಕಳೆಯುತ್ತದೆ. ಆಮೇಲೆ ಸುಣ್ಣ ಹಾಕಿದರೆ ಹಸಿರು ಕೆಸರಾಗಿ ತಳಕ್ಕಿಳಿಯುತ್ತದೆ. ಅದನ್ನು ಬೇರ್ಪಡಿಸಿ ನಿಗದಿಯಾದ ಸ್ಥಳಕ್ಕೆ ಸಾಗಿಸಬೇಕು. ಇಲ್ಲಿಯೂ ಬಣ್ಣವೇ ಸಾಕ್ಷಿ. ಹಾಳೆಯ ಬಣ್ಣ ಕೆಟ್ಟರೆ ಗ್ರಾಹಕರು ಹಿಂದಕ್ಕೆ ಕಳುಹಿಸುತ್ತಾರೆ; ಚರಂಡಿಯ ನೀರಿನ ಬಣ್ಣ ಕೆಟ್ಟರೆ ಹಿಂದಕ್ಕೆ ಕಳುಹಿಸುವವರು ಯಾರು? ನೆರೆಯವರ ಬಾವಿಯನ್ನು ಕೆಡಿಸಿ ಗಳಿಸಿದ ಹಣದಿಂದ ಮನೆಗೆ ಒಳಿತಾಗದು.

ಕಾಲ ಬದಲಾಗಿದೆ. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ಈ ಕ್ರೋಮಿಕ್ ಆಮ್ಲದ ಬಳಕೆಗೆ ವಿಶೇಷ ಅನುಮತಿ ಬೇಕಾಗಿದೆ. ವಿಷ ಕಡಿಮೆಯಿರುವ ಮೂರು ವೇಲೆನ್ಸಿಯ ಕ್ರೋಮಿಯಮ್ಮಿನಿಂದ ಕಪ್ಪು ಛಾಯೆಯನ್ನು ಪಡೆಯುವ ದ್ರಾವಣಗಳು ಬಂದಿವೆ. ಅವುಗಳ ಬಣ್ಣಕ್ಕೂ ಅವುಗಳದೇ ಆದ ಹಠವುಂಟು. ನಮ್ಮ ಮಾಳಿಗೆಗಳ ಮೇಲೆ ತಾಮ್ರದ ಹಾಳೆಗಳ ಸ್ಥಾನವನ್ನು ಗಾಜಿನ ನಿರ್ವಾತ ಕೊಳವೆಗಳು ಬಹುಮಟ್ಟಿಗೆ ಆಕ್ರಮಿಸಿವೆ. ಹಳೆಯ ತೊಟ್ಟಿಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ. ಅದಕ್ಕಾಗಿ ನಾನು ದುಃಖಿಸುವುದಿಲ್ಲ. ವಿಷವಿಲ್ಲದೆ ಅದೇ ಕೆಲಸ ನಡೆಯುವುದಾದರೆ ನಡೆಯಲಿ.

ಆದರೆ ತೊಟ್ಟಿ ಯಾವುದೇ ಆಗಿರಲಿ, ಬಣ್ಣ ಕೆಟ್ಟಾಗ ಹಿಡಿಯಬೇಕಾದ ಕ್ರಮ ಬದಲಾಗುವುದಿಲ್ಲ. ಕೆಟ್ಟ ಬಣ್ಣವನ್ನು ಬೈಯುವುದರಿಂದಾಗಲಿ ಇನ್ನೊಂದು ಪದರದಿಂದ ಮುಚ್ಚುವುದರಿಂದಾಗಲಿ ಪ್ರಯೋಜನವಿಲ್ಲ. ಅದು ಏನನ್ನು ಹೇಳುತ್ತಿದೆ ಎಂಬುದನ್ನು ಮೊದಲು ಆಲಿಸಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಕಂಡದ್ದನ್ನು ಕಂಡಂತೆ ಅಂದೇ ಬರೆದಿಡಬೇಕು. ಎಲ್ಲಕ್ಕೂ ಮೊದಲು, ದ್ರಾವಣವನ್ನು ಪರೀಕ್ಷಿಸುವವರೆಗೆ ಮನುಷ್ಯನ ಮೇಲೆ ದೋಷವನ್ನು ಹೊರಿಸಬಾರದು. ಬಡವನ ಮೇಲೆ ತಪ್ಪನ್ನು ಹೊರಿಸುವುದಕ್ಕೆ ಕ್ಷಣವೂ ಬೇಡ, ಖರ್ಚೂ ಇಲ್ಲ. ಆದುದರಿಂದಲೇ ಎಲ್ಲರಿಗೂ ಅದು ಮೊದಲು ಹೊಳೆಯುತ್ತದೆ. ನಿಜವಾದ ಕಾರಣವನ್ನು ಹುಡುಕುವುದಕ್ಕೆ ತಾಳ್ಮೆ ಬೇಕು. ನಮ್ಮ ಮನೆಗಳಿಂದ ಎಷ್ಟೋ ಮಕ್ಕಳು ಕಾರ್ಖಾನೆಗಳ ಕಾಯಕಕ್ಕೆ ಹೋಗುತ್ತಿದ್ದಾರೆ. ನಮ್ಮಲ್ಲಿ ಕೆಲವರು ನಾಲ್ಕಾರು ಜನರಿಗೆ ಕೆಲಸ ಕೊಡುವವರೂ ಆಗಿದ್ದಾರೆ. ಹೋಗುವ ಮಕ್ಕಳಿಗೆ ಹಿರಿಯರು ಒಂದು ನೋಟುಪುಸ್ತಕವನ್ನು ಕೊಟ್ಟು ಕಳುಹಿಸಲಿ. ಕೆಲಸ ಕೊಡುವವರು ಆ ಪುಸ್ತಕವನ್ನು ತೆರೆದು ಓದುವ ಮನಸ್ಸನ್ನು ಇಟ್ಟುಕೊಳ್ಳಲಿ.